ಚೆನ್ನೈಯೋ, ಹೈದರಾಬಾದೋ: ಮೈಸೂರು, ಮಂಡ್ಯದಿಂದ ಹೊರಡುವ ಮುನ್ನ ತೂಗಿ ನೋಡುವ ಬಗೆ

ಕೈಯಲ್ಲಿ ಎರಡು ಕೆಲಸದ ಆಫರ್ ಇದ್ದಾಗ ಮನೆಯಲ್ಲಿ ನಡೆಯುವ ಚರ್ಚೆ ಸಾಮಾನ್ಯವಾಗಿ ಒಂದೇ ತರಹ ಇರುತ್ತದೆ. ಚೆನ್ನೈ ಅಂದರೆ ಸೆಕೆ, ಹೈದರಾಬಾದ್ ಅಂದರೆ ದೂರ, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬಿರಿಯಾನಿ. ಗಂಟೆಗಟ್ಟಲೆ ಮಾತಾಡಿದರೂ ಇದರಿಂದ ತೀರ್ಮಾನ ಹುಟ್ಟುವುದಿಲ್ಲ. ತಾಂಬರಂನಲ್ಲಿ ಮನೆ ಮಾಡಿ ಗಿಂಡಿಗೆ ಲೋಕಲ್ ರೈಲಿನಲ್ಲಿ ಹೋಗಿಬರುವವರ ಚೆನ್ನೈ ಬೇರೆ, ಅಣ್ಣಾನಗರದಿಂದ ಸಿರುಸೇರಿಗೆ ದಿನಾ ಕ್ಯಾಬಿನಲ್ಲಿ ಓಡಾಡುವವರ ಚೆನ್ನೈ ಬೇರೆ. ಹೈದರಾಬಾದಿನಲ್ಲೂ ಅಷ್ಟೇ, ನಲ್ಲಗಂಡ್ಲದಲ್ಲಿ ಕೂತವರಿಗೂ ಎಲ್‌ಬಿ ನಗರದಲ್ಲಿ ಕೂತವರಿಗೂ ಕಾಣುವ ಊರು ಒಂದಲ್ಲ.

ಹಾಗಾಗಿ ಊರಿಗೆ ಊರನ್ನು ತೂಗಲು ಹೋಗಬೇಡಿ, ವಿಳಾಸಕ್ಕೆ ವಿಳಾಸ ತೂಗಿ. ಆಫೀಸಿನ ಗೇಟು, ಅದರ ಹತ್ತಿರ ನಿಮ್ಮ ಕೈಗೆಟುಕುವ ಬಾಡಿಗೆ ಮನೆ, ಮೈಸೂರಿನಲ್ಲೋ ಮಂಡ್ಯದಲ್ಲೋ ಇರುವ ಸ್ವಂತ ಮನೆ: ಈ ಮೂರು ಬಿಂದುಗಳನ್ನು ಎರಡೂ ಕಡೆಗೆ ಬರೆದುಕೊಂಡರೆ ಮುಕ್ಕಾಲು ಗೊಂದಲ ಅಲ್ಲಿಗೇ ಮುಗಿಯಿತು. ಉಳಿದ ಕಾಲು ಭಾಗಕ್ಕೆ ಕೆಳಗಿನ ಲೆಕ್ಕಗಳು.

ಮಕ್ಕಳಿದ್ದರೆ ಅವರ ತರಗತಿಯಿಂದ ಶುರು ಮಾಡಿ

ಮಗು ಇನ್ನೂ ಎಲ್‌ಕೆಜಿಯಲ್ಲಿದ್ದರೆ ಈ ಭಾಗ ಬಿಟ್ಟು ಮುಂದೆ ಹೋಗಿ. ಆರು, ಏಳು, ಎಂಟನೇ ತರಗತಿಯಲ್ಲಿದ್ದರೆ ಬಾಡಿಗೆ, ಟ್ರಾಫಿಕ್ಕಿನ ಮಾತೆಲ್ಲ ಆಮೇಲೆ. ಕರ್ನಾಟಕದ ಸಿಇಟಿ ಸೀಟಿಗೆ ಬಹುತೇಕ ಮಕ್ಕಳು ಬಳಸುವ ಅರ್ಹತೆ ಇದು: ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಒಟ್ಟು ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, ಜೊತೆಗೆ ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿ, ಎರಡರಲ್ಲಿ ಒಂದನ್ನಾದರೂ ಇಲ್ಲೇ ಪಾಸು ಮಾಡಿರಬೇಕು. ಹತ್ತನೇ ತರಗತಿ ಮೈಸೂರಿನಲ್ಲಿ ಮುಗಿಸಿ ಹೊರಟ ಮಗುವಿಗೆ ಈ ದಾರಿ ತೆರೆದೇ ಇರುತ್ತದೆ. ಏಳನೇ ತರಗತಿ ಮುಗಿಸಿ ಹೊರಟ ಮಗುವಿಗೆ 7 ವರ್ಷ ತುಂಬಿರುತ್ತದೆ, ಆದರೆ ಹತ್ತು ಮತ್ತು ಹನ್ನೆರಡು ಎರಡೂ ಹೊರಗೆ ಆದರೆ ಆ ಅರ್ಹತೆ ಕೈತಪ್ಪುತ್ತದೆ. ಬೇರೆ ಅರ್ಹತಾ ಷರತ್ತುಗಳೂ ಇವೆ, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಆ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ಓದಿಕೊಳ್ಳಿ.

ಮಂಡ್ಯದ ಹಳ್ಳಿಗಳ ಕಡೆಯವರಿಗೆ ಇನ್ನೊಂದು ಎಚ್ಚರಿಕೆ. ಗ್ರಾಮೀಣ ಕೋಟಾಕ್ಕೆ ಒಂದರಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು, ಕನ್ನಡ ಮಾಧ್ಯಮದ ಕೋಟಾಕ್ಕೂ ಹತ್ತು ವರ್ಷ ಬೇಕು. ಒಂಬತ್ತು ವರ್ಷ ಓದಿಸಿ ಒಂದು ವರ್ಷ ಹೊರಗೆ ಕರೆದೊಯ್ದರೆ ಒಂಬತ್ತೂ ನೀರಲ್ಲಿ ಹೋಮ.

ಅಲ್ಲಿ ಹೋಗಿ ಅಲ್ಲಿನವರೇ ಆಗಿಬಿಡೋಣ ಎಂದರೆ ಅದಕ್ಕೂ ವರ್ಷಗಳ ಲೆಕ್ಕ ಇದೆ. ತೆಲಂಗಾಣದಲ್ಲಿ ವೈದ್ಯಕೀಯ ಸೀಟಿಗೆ ಸ್ಥಳೀಯ ಎನಿಸಿಕೊಳ್ಳಲು ಒಂಬತ್ತರಿಂದ ಇಂಟರ್‌ಮೀಡಿಯೆಟ್‌ವರೆಗೆ ನಾಲ್ಕು ವರ್ಷ ಅಲ್ಲೇ ಓದಿರಬೇಕು. ತಮಿಳುನಾಡಿನಲ್ಲಿ ವೈದ್ಯಕೀಯಕ್ಕೆ ಆರರಿಂದ ಹನ್ನೆರಡು, ಎಂಜಿನಿಯರಿಂಗಿಗೆ ಎಂಟರಿಂದ ಹನ್ನೆರಡು. ಅಷ್ಟು ಓದಿದರೂ ಬೇರೆ ರಾಜ್ಯದ ಮೂಲದವರನ್ನು ಸಾಮಾನ್ಯ ವರ್ಗದಲ್ಲೇ ಪರಿಗಣಿಸುತ್ತಾರೆ. ನಮ್ಮ 2ಎ, 3ಎ, 3ಬಿ ಪ್ರಮಾಣಪತ್ರಗಳು ಎರಡೂ ರಾಜ್ಯಗಳ ಕೋಟಾದಲ್ಲಿ ನಡೆಯುವುದಿಲ್ಲ. ಒಟ್ಟಿನಲ್ಲಿ ಎಂಟನೇ ತರಗತಿಯ ಮಗುವನ್ನು ಹೈದರಾಬಾದಿಗೆ ಕರೆದೊಯ್ದರೆ ಅಲ್ಲಿನ ಲೆಕ್ಕ ತುಂಬಲು ಇನ್ನೂ ಸಮಯವಿದೆ, ಚೆನ್ನೈಗಾದರೆ ವೈದ್ಯಕೀಯದ ಮಟ್ಟಿಗೆ ತಡವಾಗಿದೆ.

ಭಾಷೆಯ ವಿಷಯ: ತಮಿಳುನಾಡಿನಲ್ಲಿ 2006ರ ಕಾಯ್ದೆಯಿಂದ ತಮಿಳು, ತೆಲಂಗಾಣದಲ್ಲಿ 2018ರ ಕಾಯ್ದೆಯಿಂದ ತೆಲುಗು ಶಾಲೆಯಲ್ಲಿ ಕಲಿಯಲೇಬೇಕಾದ ವಿಷಯ. ಸಿಬಿಎಸ್‌ಇ ಶಾಲೆಗೆ ಸೇರಿಸಿದರೆ ತಪ್ಪಿಸಿಕೊಳ್ಳಬಹುದು ಎಂಬ ಲೆಕ್ಕಾಚಾರ ಬೇಡ. ನಡುವೆ ಬಂದು ಸೇರುವ ಮಗುವಿಗೆ ಯಾವ ಮಟ್ಟದ ಪಠ್ಯ, ಪರೀಕ್ಷೆ ಹೇಗೆ ಎಂದು ಅಡ್ಮಿಷನ್ ಫೀ ಕಟ್ಟುವ ಮೊದಲೇ ಶಾಲೆಯಿಂದ ಬರಹದಲ್ಲಿ ಕೇಳಿ ಪಡೆಯಿರಿ.

ಸಂಬಳದ ಚೀಟಿ

ಇಲ್ಲಿ ಹೆಚ್ಚು ಹೊತ್ತು ಕಳೆಯಬೇಕಾಗಿಲ್ಲ. ಸಿಟಿಸಿ ಬದಿಗಿಟ್ಟು, ತಿಂಗಳಿಗೆ ಬ್ಯಾಂಕಿಗೆ ಬೀಳುವ ಮೊತ್ತವನ್ನು ಮಾತ್ರ ಎರಡೂ ಕಂಪನಿಗಳ ಎಚ್‌ಆರ್‌ನಿಂದ ಬರೆಸಿಕೊಳ್ಳಿ. ವೃತ್ತಿ ತೆರಿಗೆ ಯಾವ ರಾಜ್ಯದಲ್ಲೂ ವರ್ಷಕ್ಕೆ 2,500 ರೂಪಾಯಿ ಮೀರುವಂತಿಲ್ಲ. ತೆಲಂಗಾಣದಲ್ಲಿ ತಿಂಗಳು ತಿಂಗಳು, ತಮಿಳುನಾಡಿನಲ್ಲಿ ಆರು ತಿಂಗಳಿಗೊಮ್ಮೆ ಕಡಿತವಾಗುತ್ತದೆ, ಅಷ್ಟೇ ವ್ಯತ್ಯಾಸ. ಹೊಸ ತೆರಿಗೆ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಗೆ ವಿನಾಯಿತಿ ಇಲ್ಲವಾದ್ದರಿಂದ ಆ ಚರ್ಚೆಯೂ ಬೇಡ. ಹಳೆಯ ಪದ್ಧತಿಯಲ್ಲೇ ಇರುವವರು ಮಾತ್ರ ತಮ್ಮ ಊರಿಗೆ ಶೇ 50ರ ಮಿತಿಯೋ ಶೇ 40ರ ಮಿತಿಯೋ ಎಂದು ಪೇರೋಲ್ ವಿಭಾಗದಲ್ಲಿ ಕೇಳಿಕೊಳ್ಳಿ.

ಗಂಡ–ಹೆಂಡತಿ ಇಬ್ಬರೂ ಕೆಲಸ ಮಾಡುವವರಾದರೆ ಎರಡನೆಯವರ ಕ್ಷೇತ್ರ ನೋಡಿ. ಐಟಿ ಎರಡೂ ಕಡೆ ಇದೆ. ವಾಹನ, ಬಿಡಿಭಾಗ, ಎಲೆಕ್ಟ್ರಾನಿಕ್ಸ್ ತಯಾರಿಕೆಗೆ ಒರಗಡಂ, ಶ್ರೀಪೆರಂಬದೂರು, ಮರೈಮಲೈನಗರ ಇರುವ ಚೆನ್ನೈ ಮೇಲು. ಔಷಧ, ಲಸಿಕೆ, ಬಯೋಟೆಕ್ ಎಂದರೆ ಹೈದರಾಬಾದ್. ಜೀನೋಮ್ ವ್ಯಾಲಿ ಇರುವುದು ಅಲ್ಲೇ. ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿದ ಸಂಗಾತಿ ಇದ್ದರೆ ಈ ಒಂದು ಅಂಶಕ್ಕೇ ತಕ್ಕಡಿ ವಾಲಬಹುದು.

ಆಫೀಸಿನ ಗೇಟಿನಿಂದ ಹಿಂದಕ್ಕೆ ಅಳೆಯುವುದು

ಆಫರ್ ಲೆಟರಿನಲ್ಲಿ "ಚೆನ್ನೈ" ಎಂದಷ್ಟೇ ಇದ್ದರೆ ಸಾಲದು. ಕಟ್ಟಡದ ಹೆಸರು, ವಾರಕ್ಕೆ ಎಷ್ಟು ದಿನ ಹಾಜರಿ, ಶಿಫ್ಟ್ ಎಷ್ಟು ಹೊತ್ತಿಗೆ ಎಂದು ಕೇಳಿ. ನಂತರ ಮ್ಯಾಪಿನಲ್ಲಿ ಆಫೀಸನ್ನು ಗುರಿಯಾಗಿಟ್ಟು, ಮಂಗಳವಾರ ಬೆಳಿಗ್ಗೆ 9.30ಕ್ಕೆ ತಲುಪಬೇಕು ಎಂದು ಸಮಯ ಕೊಟ್ಟು ನೋಡಿ. ಭಾನುವಾರ ಮಧ್ಯಾಹ್ನ ನೋಡಿದ ಇಪ್ಪತ್ತೈದು ನಿಮಿಷವನ್ನು ನಂಬಿ ಮನೆ ಹಿಡಿದವರೇ ಆಮೇಲೆ ವರ್ಷ ತುಂಬುವ ಮೊದಲೇ ಮನೆ ಬದಲಿಸುವುದು.

ಚೆನ್ನೈಯ ಬಲ ಲೋಕಲ್ ರೈಲು. ಬೀಚ್–ತಾಂಬರಂ–ಚೆಂಗಲಪಟ್ಟು ಮಾರ್ಗದ ಸೀಸನ್ ಟಿಕೆಟ್ಟಿನಷ್ಟು ಅಗ್ಗದ ಓಡಾಟ ದಕ್ಷಿಣದ ಬೇರೆ ದೊಡ್ಡ ಊರುಗಳಲ್ಲಿ ಸಿಗುವುದು ಕಷ್ಟ. ಆಫೀಸು ಗಿಂಡಿ, ಆಲಂದೂರು, ನಂದನಂ ಕಡೆಯಾದರೆ ಕ್ರೋಮ್‌ಪೇಟ್, ತಾಂಬರಂ, ನಂಗನಲ್ಲೂರಿನಲ್ಲಿ ಧೈರ್ಯವಾಗಿ ಮನೆ ನೋಡಿ. ತರಮಣಿ, ತಿರುವಾನ್ಮಿಯೂರು ಕಡೆಗೆ ವೇಳಚ್ಚೇರಿಯ ಎಂಆರ್‌ಟಿಎಸ್ ರೈಲು ಇದೆ. ಗೋಳು ಇರುವುದು ಓಎಂಆರ್ ರಸ್ತೆಯಲ್ಲಿ ಶೋಳಿಂಗನಲ್ಲೂರು, ಸಿರುಸೇರಿ ಕಡೆ. ಮೆಟ್ರೋ ಎರಡನೇ ಹಂತದ ಕೆಲಸ ಆ ರಸ್ತೆಯ ಉದ್ದಕ್ಕೂ ನಡೆದಿದ್ದರಿಂದ, ಅಲ್ಲಿ ಕೆಲಸವಾದರೆ ಓಎಂಆರ್ ಮೇಲೇ ಅಥವಾ ಮೇಡವಾಕ್ಕಂ ಕಡೆ ಮನೆ ಮಾಡುವುದೇ ವಾಸಿ. ಒರಗಡಂ, ಶ್ರೀಪೆರಂಬದೂರಿನ ಕಾರ್ಖಾನೆಗಳಿಗೆ ಸೇರುವವರು ಮನೆ ಹುಡುಕುವ ಮೊದಲು ಕಂಪನಿ ಬಸ್ಸಿನ ರೂಟ್ ಪಟ್ಟಿ ತರಿಸಿಕೊಳ್ಳಿ. ಬಸ್ ನಿಲ್ಲುವ ಜಾಗದಿಂದ ಹತ್ತು ನಿಮಿಷ ನಡೆದರೆ ಸಿಗುವ ಮನೆಯೇ ನಿಮ್ಮ ಮನೆ.

ಹೈದರಾಬಾದಿನ ಮೆಟ್ರೋ 69 ಕಿ.ಮೀ. ಇದೆ, ಚೆನ್ನಾಗಿಯೂ ಇದೆ, ಆದರೆ ನೀಲಿ ಮಾರ್ಗ ರಾಯದುರ್ಗಂಗೆ ಮುಗಿದುಬಿಡುತ್ತದೆ. ಗಚ್ಚಿಬೌಲಿ, ಫೈನಾನ್ಷಿಯಲ್ ಡಿಸ್ಟ್ರಿಕ್ಟ್, ಕೋಕಾಪೇಟೆಗೆ ಅಲ್ಲಿಂದಾಚೆ ಬಸ್ಸೋ ಆಟೋನೋ ಕ್ಯಾಬೋ ಹಿಡಿಯಬೇಕು. ಉಪ್ಪಲ್, ನಾಗೋಲ್ ಕಡೆ ಬಾಡಿಗೆ ಕಡಿಮೆ ಎಂದು ಮನೆ ಮಾಡಿದರೆ ಮೆಟ್ರೋದಲ್ಲಿ ಆರಾಮವಾಗಿ ಕೂತು ಬಂದು, ಕೊನೆಯ ತುಣುಕಿನಲ್ಲಿ ಸುಸ್ತಾಗುತ್ತೀರಿ. ಮೈಂಡ್‌ಸ್ಪೇಸ್, ಹೈಟೆಕ್ ಸಿಟಿ ಆಫೀಸಾದರೆ ಮಿಯಾಪುರ, ಕೂಕಟ್‌ಪಲ್ಲಿ, ಕೊಂಡಾಪುರ ನೋಡಬಹುದು; ಫೈನಾನ್ಷಿಯಲ್ ಡಿಸ್ಟ್ರಿಕ್ಟ್ ಆದರೆ ಮಣಿಕೊಂಡ, ನಲ್ಲಗಂಡ್ಲ, ತೆಲ್ಲಾಪುರ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಸಂಜೆ ಐದರ ಮೇಲೆ ಮಳೆ ಹಿಡಿದರೆ ಸೈಬರ್ ಟವರ್ಸ್ ಸುತ್ತ ವಾಹನ ಇಂಚಿಂಚೇ ಸರಿಯುತ್ತದೆ. ಆ ಹೊತ್ತಿಗೆ ಬೈಕೇ ಇರಲಿ, ಕಾರೇ ಇರಲಿ, ಆಫೀಸಿನಲ್ಲೇ ಇನ್ನೊಂದು ಚಹಾ ಕುಡಿದು ಹೊರಡುವುದು ಜಾಣತನ.

ಬಾಡಿಗೆ ಮತ್ತು ಅಡ್ವಾನ್ಸ್

ಎರಡೂ ಊರಿನ ಬಾಡಿಗೆ ಒಂದೇ ಎಂದಿಟ್ಟುಕೊಳ್ಳಿ, ತಿಂಗಳಿಗೆ 25,000. ಹೈದರಾಬಾದಿನಲ್ಲಿ ರೂಢಿಯಲ್ಲಿ ಎರಡು ತಿಂಗಳ ಅಡ್ವಾನ್ಸ್ ಕೇಳುತ್ತಾರೆ, 50,000 ಆಯಿತು. ಚೆನ್ನೈಯಲ್ಲಿ ಕಾಯ್ದೆ ಏನೇ ಹೇಳಲಿ, ಐದಾರು ತಿಂಗಳದ್ದು ಕೇಳುವ ಮಾಲೀಕರು ಇದ್ದೇ ಇದ್ದಾರೆ. ಆರು ತಿಂಗಳೆಂದರೆ 1,50,000. ಇದರ ಮೇಲೆ ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, ಸಾಮಾನು ಸಾಗಿಸುವ ಲಾರಿ, ಗ್ರಿಲ್ಲು, ಗೀಸರು. ಮೊದಲ ತಿಂಗಳ ಸಂಬಳ ಬರುವ ಮೊದಲೇ ಇಷ್ಟು ಹಣ ಕೈಯಿಂದ ಹೋಗುತ್ತದೆ. ಕೈಯಲ್ಲಿ ಉಳಿತಾಯ ಕಡಿಮೆ ಇರುವವರಿಗೆ ಹೈದರಾಬಾದ್ ಹಗುರ ಎನ್ನುವುದು ಈ ಕಾರಣಕ್ಕೆ.

ತಮಿಳುನಾಡಿನ 2017ರ ಬಾಡಿಗೆ ಕಾಯ್ದೆ 2019ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಒಪ್ಪಂದದಲ್ಲಿ ಬೇರೆ ರೀತಿ ಬರೆಯದಿದ್ದರೆ ಅಡ್ವಾನ್ಸ್ ಮೂರು ತಿಂಗಳ ಬಾಡಿಗೆ ಮೀರಬಾರದು, ಮನೆ ಖಾಲಿ ಮಾಡಿದ ಒಂದು ತಿಂಗಳಲ್ಲಿ ವಾಪಸ್ ಕೊಡಬೇಕು, ಒಪ್ಪಂದವನ್ನು 90 ದಿನದೊಳಗೆ ಬಾಡಿಗೆ ಪ್ರಾಧಿಕಾರದಲ್ಲಿ ನೋಂದಾಯಿಸಬೇಕು. ಚೌಕಾಸಿ ಮಾಡುವಾಗ ಈ ಮೂರು ತಿಂಗಳ ಮಾತು ಎತ್ತಿ. ಆರು ಕೇಳಿದವರು ನಾಲ್ಕಕ್ಕೆ ಇಳಿದರೂ ಲಾಭವೇ. ಬಣ್ಣದ ಖರ್ಚೆಂದು ಎಷ್ಟು ಮುರಿದುಕೊಳ್ಳುತ್ತಾರೆ ಎಂಬುದನ್ನು ಒಪ್ಪಂದದಲ್ಲೇ ಅಂಕಿಯಲ್ಲಿ ಬರೆಸಿ.

ಹೈದರಾಬಾದಿನಲ್ಲಿ ಕೈ ಕಚ್ಚುವುದು ಮೇಂಟೆನೆನ್ಸ್. ಜಾಹೀರಾತಿನಲ್ಲಿ ಕಾಣುವ ಬಾಡಿಗೆಗೆ ಅದು ಸೇರಿರುವುದಿಲ್ಲ. ಗೇಟೆಡ್ ಸಮುಚ್ಚಯದಲ್ಲಿ ಚದರ ಅಡಿಗೆ 3 ರೂಪಾಯಿ ಎಂದರೆ 1,200 ಚದರ ಅಡಿಗೆ ತಿಂಗಳಿಗೆ 3,600 ಆಯಿತು. ಇನ್ನೊಂದು, ಅಲ್ಲಿ "ಪೆಂಟ್‌ಹೌಸ್" ಎಂದು ಅಗ್ಗಕ್ಕೆ ಸಿಗುವುದು ಬಹುತೇಕ ಮಹಡಿಯ ಮೇಲೆ ಆಮೇಲೆ ಕಟ್ಟಿದ ಎರಡು ಕೋಣೆ. ಏಪ್ರಿಲ್ ಬಂದರೆ ಆರ್‌ಸಿಸಿ ಹಗಲೆಲ್ಲ ಹೀರಿದ ಕಾವನ್ನು ರಾತ್ರಿ ಹನ್ನೊಂದರವರೆಗೂ ಕೋಣೆಯೊಳಕ್ಕೆ ಬಿಡುತ್ತಿರುತ್ತದೆ. ಎರಡೂ ಊರಿನಲ್ಲಿ ಕೊನೆಯ ಮಹಡಿ ಬೇಡ.

ನೀರು

ಕಾವೇರಿ, ಕಬಿನಿ ನೀರಲ್ಲಿ ಬೆಳೆದವರಿಗೆ ಅತಿ ದೊಡ್ಡ ಬದಲಾವಣೆ ಇದೇ, ಮನೆ ನೋಡುವಾಗ ಅತಿ ಕಡಿಮೆ ಕೇಳುವ ಪ್ರಶ್ನೆಯೂ ಇದೇ.

ಚೆನ್ನೈಗೆ ನೀರು ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ ಕೆರೆಗಳಿಂದ, ದೂರದ ವೀರಾಣಂನಿಂದ, ಆಂಧ್ರದಿಂದ ಬರುವ ಕೃಷ್ಣಾ ನೀರಿನಿಂದ, ಮೀಂಜೂರು ಮತ್ತು ನೆಮ್ಮೇಲಿಯ ಸಮುದ್ರದ ನೀರು ಸಿಹಿ ಮಾಡುವ ಘಟಕಗಳಿಂದ ಬರುತ್ತದೆ. 2019ರ ಬೇಸಿಗೆಯಲ್ಲಿ ನಾಲ್ಕೂ ಕೆರೆಗಳು ಒಣಗಿ ಊರೇ ಟ್ಯಾಂಕರಿಗೆ ಕಾದಿತ್ತು. ಹೈದರಾಬಾದಿನದು ಕೃಷ್ಣಾ, ಗೋದಾವರಿ, ಮಂಜೀರಾ, ಸಿಂಗೂರು. ನಲ್ಲಿಯಲ್ಲಿ ಬರುವ ಸರ್ಕಾರಿ ನೀರಿಗೆ ಅಲ್ಲಿನವರು "ಮಂಜೀರಾ" ಎಂದೇ ಹೇಳುವುದು. ಊರಿನ ಮಟ್ಟದಲ್ಲಿ ಹೈದರಾಬಾದಿನ ನೀರಿನ ಮೂಲ ಗಟ್ಟಿ. ಆದರೆ ಪಶ್ಚಿಮದ ಹೊಸ ಬಡಾವಣೆಗಳಲ್ಲಿ ಪೈಪು ಮುಟ್ಟದ ಕಟ್ಟಡಗಳು ಬೋರ್‌ವೆಲ್ ಮತ್ತು ಟ್ಯಾಂಕರ್ ಮೇಲೇ ನಿಂತಿವೆ, ಬೋರ್ ನೀರು ವಿಪರೀತ ಗಡಸು. ಚೆನ್ನೈಯಲ್ಲಿ ಸಮುದ್ರದ ಬದಿಯ ಬೋರ್ ನೀರು ಉಪ್ಪುಪ್ಪು. ಬಹಳ ಮನೆಗಳಲ್ಲಿ ಕುಡಿಯಲು ಕ್ಯಾನ್ ನೀರು, ಸ್ನಾನಕ್ಕೆ ಬೋರ್, ನಡುವೆ ಮೆಟ್ರೋ ವಾಟರ್ (ಜಲಮಂಡಳಿಯ ನೀರು) ಎಂದು ಮೂರು ವ್ಯವಸ್ಥೆ.

ಮನೆ ನೋಡಲು ಹೋಗುವಾಗ ಜೇಬಿನಲ್ಲಿ ಟಿಡಿಎಸ್ ಮೀಟರ್ (ನೀರಲ್ಲಿ ಕರಗಿದ ಲವಣ ಅಳೆಯುವ ಸಾಧನ) ಇರಲಿ, ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಅಡುಗೆಮನೆಯ ನಲ್ಲಿ, ಬಚ್ಚಲಿನ ನಲ್ಲಿ ಎರಡನ್ನೂ ಬೇರೆ ಬೇರೆ ಲೋಟದಲ್ಲಿ ಹಿಡಿದು ಅದ್ದಿ ನೋಡಿ. ಕುಡಿಯುವ ನೀರಿಗೆ ಭಾರತೀಯ ಮಾನಕದ ಅಪೇಕ್ಷಿತ ಮಿತಿ ಲೀಟರಿಗೆ 500 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 2,000ದವರೆಗೆ ಒಪ್ಪಬಹುದು ಎನ್ನುತ್ತದೆ. ಬಚ್ಚಲಲ್ಲಿ 1,200 ತೋರಿಸಿದರೆ ಸೋಪು ನೊರೆ ಬರುವುದು ಕಷ್ಟ, ಗೀಸರಿನ ಕಾಯಿಲ್ ಮೇಲೆ ಸುಣ್ಣ ಕಟ್ಟುತ್ತದೆ. ಗಡಸು ನೀರಲ್ಲಿ ತೊಗರಿಬೇಳೆ ಬೇಯುವುದಿಲ್ಲ; ನೀರಿನ ಕ್ಯಾಲ್ಸಿಯಂ ಬೇಳೆಯ ಪೆಕ್ಟಿನ್ ಜೊತೆ ಸೇರಿ ಅದನ್ನು ಮೆತ್ತಗಾಗಲು ಬಿಡುವುದಿಲ್ಲ. ಹುಳಿ, ಬಸ್ಸಾರು ದಿನಾ ಮಾಡುವ ಮನೆಗೆ ಇದು ಸಣ್ಣ ವಿಷಯವಲ್ಲ. ಮೀಟರ್ ಇಲ್ಲದಿದ್ದರೆ ಷವರಿನ ತೂತುಗಳನ್ನು ನೋಡಿ: ಅರ್ಧ ಮುಚ್ಚಿ ಬಿಳಿ ಹೊಪ್ಪಳೆ ಕಟ್ಟಿದ್ದರೆ, ನಲ್ಲಿಯ ಬುಡದಲ್ಲಿ ಬಿಳಿ ಉಂಗುರ ಇದ್ದರೆ, ಮಾಲೀಕರು ಏನೇ ಹೇಳಿದರೂ ಉತ್ತರ ಅಲ್ಲೇ ಇದೆ.

ಮಾಲೀಕರನ್ನು ಬಿಟ್ಟು ವಾಚ್‌ಮನ್‌ನನ್ನು ಕೇಳಿ: ಏಪ್ರಿಲ್, ಮೇನಲ್ಲಿ ವಾರಕ್ಕೆ ಎಷ್ಟು ಟ್ಯಾಂಕರ್ ಬರುತ್ತದೆ? ಎಷ್ಟು ಲೀಟರಿನದು? ಆ ಖರ್ಚು ಮೇಂಟೆನೆನ್ಸಿನಲ್ಲಿ ಸೇರಿದೆಯೋ, ಬೇರೆ ಹಂಚುತ್ತಾರೋ? ಸಾಧ್ಯವಾದರೆ ಕಳೆದ ಮೇ ತಿಂಗಳ ಅಸೋಸಿಯೇಷನ್ ಬಿಲ್ ತೋರಿಸಲು ಹೇಳಿ. ಹೈದರಾಬಾದಿನಲ್ಲಿ ನಗರ ವ್ಯಾಪ್ತಿಯ ಮನೆಗಳಿಗೆ ತಿಂಗಳಿಗೆ 20,000 ಲೀಟರ್ ಉಚಿತ ನೀರಿನ ಯೋಜನೆ 2021ರಲ್ಲಿ ಬಂತು. ಮೀಟರು, ಆಧಾರ್ ಜೋಡಣೆ ಆಗಿದ್ದರೆ ಮಾತ್ರ ಅದು ಸಿಗುವುದು, ಆಗಿದೆಯೇ ಕೇಳಿ.

ಮಳೆ ಬಂದಾಗ ಆ ಬೀದಿ ಏನಾಗುತ್ತದೆ

ಚೆನ್ನೈಗೆ ಮುಖ್ಯ ಮಳೆ ಅಕ್ಟೋಬರಿನಿಂದ ಡಿಸೆಂಬರ್, ಹಿಂಗಾರು. ವರ್ಷಕ್ಕೆ ಸುಮಾರು 1,400 ಮಿ.ಮೀ., ಮೈಸೂರಿಗಿಂತ ಬಹಳ ಹೆಚ್ಚು, ಅದೂ ಕೆಲವೇ ದಿನಗಳಲ್ಲಿ ಸುರಿದುಬಿಡುತ್ತದೆ. 2015ರ ಡಿಸೆಂಬರ್ ಮತ್ತು 2023ರ ಮಿಚಾಂಗ್ ಚಂಡಮಾರುತ, ಈ ಎರಡು ವರ್ಷಗಳನ್ನು ನೆನಪಿಟ್ಟುಕೊಳ್ಳಿ. ವೇಳಚ್ಚೇರಿ, ಮಡಿಪಾಕ್ಕಂ, ಪಳ್ಳಿಕರಣೈ, ಪೆರುಂಬಾಕ್ಕಂ, ಮುಡಿಚೂರು ಕಡೆ ಮನೆ ನೋಡಿದರೆ ಎದುರಿನ ದಿನಸಿ ಅಂಗಡಿಯವರನ್ನು "2015ಲ ಇಂಗೆ ತಣ್ಣಿ ವಂದುದಾ?" (2015ರಲ್ಲಿ ಇಲ್ಲಿ ನೀರು ಬಂತಾ?) ಎಂದು ಕೇಳಿ. ಅವರು ಕೈಯನ್ನು ಮೊಣಕಾಲಿಗೆ ಹಿಡಿದು ತೋರಿಸುತ್ತಾರೋ, ಸೊಂಟಕ್ಕೋ ಎಂಬುದೇ ನಿಮಗೆ ಬೇಕಾದ ಮಾಹಿತಿ. ಒಂದೇ ಬಡಾವಣೆಯಲ್ಲಿ ಎರಡು ಬೀದಿ ಆಚೆ ಒಣಗಿರುವುದುಂಟು, ಆದ್ದರಿಂದ ಬಡಾವಣೆಯ ಹೆಸರು ಕೇಳಿಯೇ ಬೇಡವೆನ್ನಬೇಕಿಲ್ಲ.

ಹೈದರಾಬಾದಿನ ಮಳೆ ಜೂನ್‌ನಿಂದ, ನಮ್ಮ ಮುಂಗಾರಿನ ಜೊತೆಗೇ. 1908ರ ಮೂಸಿ ಪ್ರವಾಹದ ನಂತರ ಊರನ್ನು ಕಾಪಾಡುವ ಯೋಜನೆ ಹಾಕಿಕೊಟ್ಟವರು ನಮ್ಮ ಕೆಆರ್‌ಎಸ್‌ನ ವಿಶ್ವೇಶ್ವರಯ್ಯನವರೇ. ಉಸ್ಮಾನ್ ಸಾಗರ್, ಹಿಮಾಯತ್ ಸಾಗರ್ ಅದರ ಫಲ. ಅವುಗಳ ಗೇಟು ತೆಗೆದಾಗ ಮೂಸಿಯ ದಡದ ತಗ್ಗು ಬಡಾವಣೆಗಳಿಗೆ ಇಂದಿಗೂ ನೀರು ನುಗ್ಗುತ್ತದೆ, 2020ರ ಅಕ್ಟೋಬರಿನಲ್ಲಿ ಕೆರೆ ಕೋಡಿ ಒಡೆದೂ ನುಗ್ಗಿತ್ತು. ಹೈದರಾಬಾದಿನಲ್ಲಿ ಮುಂದೆ ಸೈಟು, ಫ್ಲ್ಯಾಟು ಕೊಳ್ಳುವ ಯೋಚನೆ ಇದ್ದರೆ ಅದು ಯಾವುದಾದರೂ ಕೆರೆಯ ಎಫ್‌ಟಿಎಲ್ (ಕೆರೆ ತುಂಬಿದಾಗ ನೀರು ನಿಲ್ಲುವ ಗಡಿ) ಅಥವಾ ಬಫರ್ ವಲಯದೊಳಗೆ ಇದೆಯೇ ಎಂದು ನಕ್ಷೆ ಹಿಡಿದು ನೋಡಿ. 2024ರಲ್ಲಿ ಹೈಡ್ರಾ ಎಂಬ ಸಂಸ್ಥೆ ಬಂದ ಮೇಲೆ ಅಂಥ ಕಟ್ಟಡಗಳನ್ನು ಕೆಡವಿದ್ದಾರೆ.

ಎರಡೂ ಊರಿಗೆ ಹೊಂದುವ ಮಾತು: ಕಾರಿನ ವಿಮೆಯಲ್ಲಿ ಎಂಜಿನ್ ರಕ್ಷಣೆಯ ಆಡ್‌ಆನ್ ತೆಗೆದುಕೊಳ್ಳಿ, ನೀರಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಬೇಡಿ. ಸಿಲಿಂಡರಿಗೆ ನೀರು ಹೊಕ್ಕರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಸೆಕೆ, ಕರೆಂಟು

ಮೈಸೂರು ಸಮುದ್ರಮಟ್ಟದಿಂದ 760 ಮೀಟರಿಗಿಂತ ಮೇಲಿದೆ, ಹೈದರಾಬಾದ್ 540ರ ಸುಮಾರು, ಚೆನ್ನೈ ಸಮುದ್ರದ ಮಟ್ಟದಲ್ಲೇ. ಹೈದರಾಬಾದಿನ ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದರೂ ಅದು ಒಣ ಬಿಸಿಲು. ನೆರಳಿಗೆ ಬಂದರೆ ಸಹಿಸಬಹುದು, ಏರ್ ಕೂಲರ್ ಕೆಲಸ ಮಾಡುತ್ತದೆ. ಚೆನ್ನೈಯ ತೇವದ ಗಾಳಿಯಲ್ಲಿ ಕೂಲರಿನ ನೀರು ಆವಿಯಾಗದ್ದರಿಂದ ಅದು ದಂಡ, ಎಸಿಯೇ ಬೇಕು. ಮಧ್ಯಾಹ್ನದ ಹೊತ್ತಿಗೆ ಬೀಸುವ ಕಡಲ ಗಾಳಿ ಅಡ್ಯಾರ್, ತಿರುವಾನ್ಮಿಯೂರಿಗೆ ಮೊದಲು ಸಿಗುತ್ತದೆ, ಒಳಗಿನ ಆವಡಿ, ಅಂಬತ್ತೂರಿಗೆ ತಡವಾಗಿ. ಅದೇ ಕಡಲ ಬದಿಯಲ್ಲಿ ಬೈಕಿನ ಚೈನು, ಎಸಿಯ ಹೊರಗಿನ ಕಾಯಿಲ್ ಬೇಗ ತುಕ್ಕು ಹಿಡಿಯುತ್ತವೆ ಎಂಬುದೂ ಲೆಕ್ಕದಲ್ಲಿರಲಿ.

ತಮಿಳುನಾಡಿನಲ್ಲಿ ಕರೆಂಟ್ ಬಿಲ್ ಎರಡು ತಿಂಗಳಿಗೊಮ್ಮೆ. ಪ್ರತಿ ಮನೆ ಸಂಪರ್ಕಕ್ಕೂ ಮೊದಲ 100 ಯೂನಿಟ್ ಉಚಿತ, ಅದಕ್ಕೆ ಯಾವ ಕಾರ್ಡೂ ಬೇಡ. ಆದರೆ 500ರ ಗೆರೆ ದಾಟಿದರೆ 101ರಿಂದ 200ರವರೆಗಿನ ಅಗ್ಗದ ದರವೂ ಹೋಗುತ್ತದೆ, ಮೇಲಿನ ಯೂನಿಟ್‌ಗಳ ದರವೂ ಏರುತ್ತದೆ. ಒಂದೂವರೆ ಟನ್ನಿನ ಐದು ಸ್ಟಾರ್ ಇನ್ವರ್ಟರ್ ಎಸಿ ಗಂಟೆಗೆ ಹತ್ತಿರ ಹತ್ತಿರ 0.8 ಯೂನಿಟ್ ಎಂದರೂ ರಾತ್ರಿ ಒಂಬತ್ತು ಗಂಟೆಗೆ 7 ಯೂನಿಟ್, 60 ದಿನಕ್ಕೆ 420. ಫ್ರಿಜ್, ಫ್ಯಾನು, ವಾಷಿಂಗ್ ಮಷೀನ್ ಸೇರಿದರೆ 500 ದಾಟದೆ ಇರುವುದು ಕಷ್ಟ. ಒಂದು ಬಿಲ್ಲಿನಲ್ಲಿ ಎರಡು ಪೋರ್ಷನ್ ಇರುವ ಮನೆಯಾದರೆ ಎರಡೂ ಸೇರಿ ಗೆರೆ ಇನ್ನೂ ಬೇಗ ದಾಟುತ್ತದೆ. ನಿಮ್ಮ ಪೋರ್ಷನ್ನಿಗೆ ವಿದ್ಯುತ್ ಮಂಡಳಿಯ ಪ್ರತ್ಯೇಕ ಮೀಟರ್ ಇದೆಯೋ, ಮಾಲೀಕರ ಸಬ್‌ಮೀಟರೋ ನೋಡಿ. ತೆಲಂಗಾಣದ ಗೃಹಜ್ಯೋತಿಯ 200 ಯೂನಿಟ್ ಅಲ್ಲಿನ ಪಡಿತರ ಚೀಟಿ ಇರುವವರಿಗೆ, ನಿಮ್ಮ ಲೆಕ್ಕದಲ್ಲಿ ಅದನ್ನು ಸೊನ್ನೆ ಎಂದೇ ಹಿಡಿಯಿರಿ.

ಊರಿಗೆ ಬಂದು ಹೋಗುವುದು

ಚೆನ್ನೈಯಿಂದ ಶುಕ್ರವಾರ ರಾತ್ರಿ ಕಾವೇರಿ ಎಕ್ಸ್‌ಪ್ರೆಸ್ ಹತ್ತಿದರೆ ಶನಿವಾರ ಬೆಳಿಗ್ಗೆ ಮಂಡ್ಯ, ಮೈಸೂರು. ಭಾನುವಾರ ರಾತ್ರಿ ಹತ್ತಿದರೆ ಸೋಮವಾರ ಬೆಳಿಗ್ಗೆ ಚೆನ್ನೈ ಸೆಂಟ್ರಲ್. ಪೂರ್ತಿ ಎರಡು ಹಗಲು ಮನೆಯಲ್ಲಿ. ಹಗಲಿನಲ್ಲಿ ಶತಾಬ್ದಿ, ವಂದೇ ಭಾರತ್ ಇವೆ. ವಂದೇ ಭಾರತಿಗೆ ಆರೂವರೆ ಗಂಟೆಯ ಆಸುಪಾಸು. ಹೈದರಾಬಾದಿನ ಕಾಚಿಗುಡ–ಮೈಸೂರು ಎಕ್ಸ್‌ಪ್ರೆಸ್ ಸಂಜೆ ಹೊರಟು ಮರುದಿನ ಬೆಳಿಗ್ಗೆ ಒಂಬತ್ತು, ಹತ್ತರ ಹೊತ್ತಿಗೆ ಮೈಸೂರು ಸೇರುತ್ತದೆ. ವಾಪಸ್ ಹೋಗುವುದು ಮಧ್ಯಾಹ್ನ. ಅಂದರೆ ಶನಿವಾರ ಬಂದವರು ಭಾನುವಾರ ಊಟ ಮುಗಿಸಿ ಓಡಬೇಕು. ರಸ್ತೆಯಲ್ಲಿ ಚೆನ್ನೈ ಸುಮಾರು 490 ಕಿ.ಮೀ., ಹೈದರಾಬಾದ್ 700ರ ಮೇಲೆ. ಮಂಡಕಳ್ಳಿಯ ವಿಮಾನಗಳನ್ನು ನಂಬಿ ತೀರ್ಮಾನ ಮಾಡಬೇಡಿ. ಇದ್ದಾಗ ಅನುಕೂಲ, ವೇಳಾಪಟ್ಟಿ ಬದಲಾದರೆ ಇಲ್ಲ. ತಿಂಗಳಿಗೊಮ್ಮೆಯಾದರೂ ಬಂದು ವಯಸ್ಸಾದ ಅಪ್ಪ ಅಮ್ಮನನ್ನು ಡಾಕ್ಟರ ಹತ್ತಿರ ಕರೆದೊಯ್ಯಬೇಕಾದವರು ಬೇರೆ ಯಾವ ಲೆಕ್ಕವನ್ನೂ ಹಾಕದೆ ಚೆನ್ನೈ ಆರಿಸಿಕೊಳ್ಳಬಹುದು ಎಂಬುದು ನಮ್ಮ ಅಭಿಪ್ರಾಯ.

ವರ್ಷಕ್ಕೆ ಎರಡು ಸಲ ಉದ್ದದ ರಜೆಗೆ ಬಂದರೆ ಸಾಕು ಎನ್ನುವವರಿಗೆ ಲೆಕ್ಕ ತಿರುಗುತ್ತದೆ. ತೆಲಂಗಾಣದ ಶಾಲೆಗಳಿಗೆ ಬತುಕಮ್ಮ, ದಸರಾಕ್ಕೆ ಉದ್ದದ ರಜೆ, ಸರಿಯಾಗಿ ಮೈಸೂರು ದಸರಾದ ಹೊತ್ತಿಗೇ. ಯುಗಾದಿಯೂ ನಮ್ಮ ದಿನವೇ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ದಸರಾ ಟಿಕೆಟಿಗೆ ಆ ದಿನವೇ ಬೆಳಿಗ್ಗೆ ಎಂಟಕ್ಕೆ ಕೂರಬೇಕು.

ಚೆನ್ನೈ ಆರಿಸಿಕೊಳ್ಳುವ ಮಂಡ್ಯದವರು ಒಂದು ಅಭ್ಯಾಸ ಇಟ್ಟುಕೊಳ್ಳಿ: ಆಗಸ್ಟ್ ಬಂದರೆ ಕೆಆರ್‌ಎಸ್ ಮಟ್ಟ ನೋಡುವುದು. 124.80 ಅಡಿಯ ಹತ್ತಿರ ಇದ್ದರೆ ನಿಶ್ಚಿಂತೆ. ಮುಂಗಾರು ಕೈಕೊಟ್ಟ ವರ್ಷಗಳಲ್ಲಿ, 2016, 2023ರ ಹಾಗೆ, ಸೆಪ್ಟೆಂಬರಿನಲ್ಲಿ ಬಂದ್ ಕರೆ ಬಂದರೆ ಬಸ್ಸುಗಳು ಹೊಸೂರು, ಅತ್ತಿಬೆಲೆಯಲ್ಲೇ ನಿಲ್ಲುತ್ತವೆ. ಅಂಥ ವಾರ ಸ್ವಂತ ಕಾರಿನಲ್ಲಿ ಗಡಿ ದಾಟದೆ ರೈಲು ಹಿಡಿಯಿರಿ.

ಭಾಷೆ, ಅಡುಗೆ

ತೆಲುಗು ಬೋರ್ಡು ಕನ್ನಡ ಓದುವವರಿಗೆ ವಾರದಲ್ಲಿ ಬರುತ್ತದೆ, ಹಿಂದಿಯೋ ಉರ್ದುವೋ ಅಲ್ಪಸ್ವಲ್ಪ ಇದ್ದರೆ ಹೈದರಾಬಾದಿನ ಆಟೋ, ತರಕಾರಿ ವ್ಯವಹಾರ ನಡೆಯುತ್ತದೆ. ಚೆನ್ನೈಯಲ್ಲಿ ಹಿಂದಿ ಉಪಯೋಗಕ್ಕೆ ಬಾರದು, ತಮಿಳು ಲಿಪಿ ಹೊಸದಾಗಿ ಕಲಿಯಬೇಕು. ಮಾತು ಮಾತ್ರ ಬೇಗ ಹಿಡಿಯುತ್ತದೆ. ಸೋನಾ ಮಸೂರಿ, ನಂದಿನಿ ಹಾಲು ಹೈದರಾಬಾದಿನಲ್ಲಿ ಸಿಗುತ್ತವೆ. ಚೆನ್ನೈಯಲ್ಲಿ ಆವಿನ್ ಹಾಲಿನ ನೀಲಿ ಪ್ಯಾಕೆಟ್ ತೆಳು, ಹಸಿರು ಮಧ್ಯಮ, ಕಿತ್ತಳೆ ಗಟ್ಟಿ. ಕಾಫಿಗೆ ಹಸಿರು ಸಾಕು. ಅಂಗಡಿಯಲ್ಲಿ ಅಕ್ಕಿ ಕೇಳುವಾಗ "ಪಚ್ಚರಿಸಿ" ಎನ್ನಿ, ಇಲ್ಲದಿದ್ದರೆ ಕುಸುಬಲಕ್ಕಿ ಕೈಗೆ ಬರುತ್ತದೆ. ಮುದ್ದೆಯ ಹಿಟ್ಟನ್ನು ಊರಿಂದಲೇ ಬೀಸಿಸಿ ಒಯ್ಯಿರಿ, ಆದರೆ ಚೆನ್ನೈಯ ತೇವಕ್ಕೆ ಒಂದು ತಿಂಗಳಿಗೆ ಬೇಕಾದಷ್ಟೇ.

ಹೊರಡುವ ಮೊದಲು ಇಲ್ಲಿ ಮುಗಿಸಬೇಕಾದ್ದು

ಮೈಸೂರಿನಲ್ಲಿ ಬಾಡಿಗೆಗಿದ್ದವರು ಸೇವಾಸಿಂಧುವಿನಲ್ಲಿ ಗೃಹಜ್ಯೋತಿಯ ಆರ್‌ಆರ್ ನಂಬರಿನಿಂದ ತಮ್ಮ ಆಧಾರ್ ಬಿಡಿಸಿಕೊಳ್ಳಿ, ಇಲ್ಲದಿದ್ದರೆ ಮುಂದೆ ಬರುವ ಬಾಡಿಗೆದಾರರಿಗೂ, ವಾಪಸ್ ಬಂದಾಗ ನಿಮಗೂ ತೊಡಕು. ಆಧಾರ್ ವಿಳಾಸ ಬದಲಿಸಲು ಆತುರ ಬೇಡ. ತೆಲಂಗಾಣದಲ್ಲಿ ಮಹಿಳೆಯರ ಉಚಿತ ಬಸ್ಸಿಗೆ ಅಲ್ಲಿನ ವಿಳಾಸದ ಗುರುತಿನ ಚೀಟಿ ಬೇಕು, ಆದರೆ ಅಲ್ಲಿನ ವಿಳಾಸವಾದ ಮೇಲೆ ನಮ್ಮ ಶಕ್ತಿ ಯೋಜನೆಯಲ್ಲಿ ಟಿಕೆಟ್ ಕೊಳ್ಳಬೇಕಾಗುತ್ತದೆ. ದಿನಾ ಬಸ್ಸು ಹತ್ತುವುದು ಎಲ್ಲಿ ಎಂದು ನೋಡಿ ಬದಲಿಸಿ. ಚೆನ್ನೈಯ ಸಾಧಾರಣ ಸಿಟಿ ಬಸ್ಸುಗಳಲ್ಲಿ ಮಹಿಳೆಯರಿಗೆ 2021ರಿಂದ ಟಿಕೆಟ್ ಹಣವಿಲ್ಲ.

ಗಾಡಿ ಒಯ್ಯುವುದಾದರೆ, ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟುಕೊಂಡರೆ ಅಲ್ಲಿ ಮರುನೋಂದಣಿ ಆಗಬೇಕು ಎಂಬುದು ಕಾನೂನು. ಕೆಎ 09, 55, 11 ಯಾವುದೇ ಇರಲಿ, ಮೂಲ ಆರ್‌ಟಿಒದಲ್ಲಿ ಫಾರಂ 28 ಕೊಟ್ಟು ಎನ್‌ಒಸಿ ಪಡೆಯಬೇಕು. ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರ, ಛಾಸಿ ನಂಬರಿನ ಪೆನ್ಸಿಲ್ ಅಚ್ಚು, ಚಾಲ್ತಿ ವಿಮೆ, ಹೊಗೆ ತಪಾಸಣೆ ಪತ್ರ ಜೊತೆಗಿರಲಿ. ಬಾಕಿ ದಂಡ ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ, ಮೊದಲು ಕಟ್ಟಿ. ಅಲ್ಲಿ ಫಾರಂ 27ರಲ್ಲಿ ಹೊಸ ನಂಬರ್ ಪಡೆದು, ಗಾಡಿಯ ವಯಸ್ಸಿಗೆ ತಕ್ಕ ಜೀವಾವಧಿ ತೆರಿಗೆ ಕಟ್ಟಿದ ಮೇಲೆ, ಹೊಸ ಆರ್‌ಸಿಯ ಪ್ರತಿ ಇಟ್ಟು ಇಲ್ಲಿ ಕಟ್ಟಿದ್ದ ತೆರಿಗೆಯ ಉಳಿದ ಭಾಗವನ್ನು ವಾಪಸ್ ಕೇಳಬಹುದು. ಎರಡು ವರ್ಷದೊಳಗೆ ಹಿಂದಿರುಗುವ ಅಂದಾಜಿದ್ದರೆ ಹಳೆಯ ಕಾರನ್ನು ಮೈಸೂರಿನಲ್ಲೇ ಅಪ್ಪನ ಉಪಯೋಗಕ್ಕೆ ಬಿಟ್ಟು, ಅಲ್ಲಿನ ನೋಂದಣಿಯ ಸೆಕೆಂಡ್ ಹ್ಯಾಂಡ್ ಸ್ಕೂಟರ್ ಕೊಳ್ಳುವುದೇ ಕಡಿಮೆ ಖರ್ಚಿನ ದಾರಿ.